ವಸ್ತುವಿಗೊಂದು ನೆಲೆ

ಮುಂಬಯಿಯಲ್ಲಿ 1920ರ ದಶಕದಲ್ಲಿ ಕಟ್ಟಲಾದ ಬಿ.ಡಿ.ಡಿ. ಚಾಳುಗಳ ಒಂದೊಂದು ಕೋಣೆಯ ವಿಸ್ತೀರ್ಣ ಸುಮಾರು 160 ಚದರಡಿ. ಅಷ್ಟರಲ್ಲಿಯೇ ಇಡೀ ಕುಟುಂಬಗಳು ತಲೆಮಾರುಗಳ ಕಾಲ ಬಾಳಿದುವು. ಆದುದರಿಂದ ಮನೆ ಚಿಕ್ಕದೆಂಬುದು ಅವ್ಯವಸ್ಥೆಗೆ ಸಮಾಧಾನವಾಗಲಾರದು.

ಅನೇಕ ಮನೆಗಳಲ್ಲಿ ವ್ಯವಸ್ಥೆಯು ಗೃಹಿಣಿಯ ನೆನಪಿನಲ್ಲಿ ಮಾತ್ರ ಇರುತ್ತದೆ. ಸಾಸಿವೆಯ ಡಬ್ಬಿಯಿಂದ ಪಡಿತರ ಚೀಟಿಯವರೆಗೆ ಎಲ್ಲಕ್ಕೂ ಆಕೆಯನ್ನೇ ಕೇಳಬೇಕು. ಆಕೆ ಎರಡು ದಿನ ಜ್ವರದಿಂದ ಮಲಗಿದರೆ ಮನೆಯೇ ಸ್ತಬ್ಧವಾಗುತ್ತದೆ. ಮಲಗಿದ ಆಕೆಗೂ ವಿಶ್ರಾಂತಿಯಿಲ್ಲ. ಯಾರನ್ನೂ ಕೇಳದೆ ಬೇಕಾದ ವಸ್ತುವು ಮನೆಯ ಯಾರಿಗಾದರೂ ದೊರೆಯುವಂತಿರುವುದೇ ನಿಜವಾದ ವ್ಯವಸ್ಥೆ.

ಇದಕ್ಕೆ ಮೂರು ನಿಯಮಗಳು ಸಾಕು. ಮೊದಲನೆಯದು, ವಸ್ತುವು ಬಳಸುವ ಸ್ಥಳದಲ್ಲಿಯೇ ಇರಬೇಕು. ಪಂಚಪಾತ್ರೆ, ಉದ್ಧರಣೆ, ಗೋಪೀಚಂದನ, ಹೂಬತ್ತಿಗಳು ದೇವರ ಗೂಡಿನ ಬಳಿಯಲ್ಲಿರಲಿ. ಹಿರಿಯರ ಕನ್ನಡಕವು ಅವರ ಹಾಸಿಗೆಯ ಪಕ್ಕದಲ್ಲಿರಲಿ. ಎರಡನೆಯದು, ಬಳಕೆಗೆ ತಕ್ಕ ಎತ್ತರ. ನಿತ್ಯ ಬೇಕಾದುದು ಸೊಂಟಕ್ಕೂ ಭುಜಕ್ಕೂ ನಡುವೆ, ಭಾರವಾದುದು ಕೆಳಗೆ, ಹಬ್ಬಕ್ಕೆ ಮಾತ್ರ ಬೇಕಾಗುವ ಹಗುರ ಪಾತ್ರೆಗಳು ಅಟ್ಟದ ಮೇಲೆ. ವೃದ್ಧರು ದಿನವೂ ಸ್ಟೂಲು ಹತ್ತುವ ಅಪಾಯವು ಇದರಿಂದ ತಪ್ಪುವುದು. ಔಷಧಿಗಳು ಮಾತ್ರ ಮಕ್ಕಳ ಕೈಗೆಟುಕದಿರಲಿ. ಮೂರನೆಯದು, ಡಬ್ಬಿಗಳ ಮೇಲೆ ದೊಡ್ಡಕ್ಷರದ ಚೀಟಿ ಅಂಟಿಸಬೇಕು. ತೆಗೆದವರೇ ಅದೇ ಸ್ಥಾನದಲ್ಲಿ ಮರಳಿ ಇಡಬೇಕು. ಈ ನಿಯಮವು ಮನೆಯ ಯಜಮಾನರಿಗೂ ಅನ್ವಯಿಸುತ್ತದೆ.

ಒಂದೇ ದಿನದಲ್ಲಿ ಎಲ್ಲವನ್ನೂ ಹರವಿಕೊಳ್ಳಬಾರದು. ವಾರಕ್ಕೊಂದು ಕಪಾಟು ಸಾಕು. ದ್ವಾದಶಿಯ ಪಾರಣೆಗೆ ಬೆಳಗಿನ ಜಾವವೇ ಅಡಿಗೆ ಸಿದ್ಧವಾಗಬೇಕಾದಾಗ ಈ ಶ್ರಮದ ಫಲವು ತಾನಾಗಿಯೇ ತಿಳಿಯುವುದು.