ಸಸ್ಯ ಚೋದಕಗಳು ಮತ್ತು ಜೀವಕೋಶದಲ್ಲಿ ಪ್ರೋಟೀನಿನ ಉತ್ಪತ್ತಿ

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿನ ಗಂಜಿ ತೆಳ್ಳಗಿರುತ್ತದೆ. ಕೊಂಚ ಸಿಹಿಯಾಗಿಯೂ ಇರುತ್ತದೆ. ಅದೇ ಅಳತೆಯ ಸಾದಾ ರಾಗಿ ಹಿಟ್ಟು ಕುದಿಯುತ್ತಲೇ ಗಟ್ಟಿಯಾಗುತ್ತದೆ. ಎಳೆಯ ಮಕ್ಕಳಿಗೆ ಗಂಜಿ ಕಾಯಿಸುವ ತಾಯಂದಿರು ಇದನ್ನು ಬಲ್ಲರು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚಿ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಕಿಣ್ವವು ಒಂದು ಬಗೆಯ ಪ್ರೋಟೀನು, ಅಂದರೆ ಸಸಾರಜನಕ. ಒಣ ಕಾಳಿನಲ್ಲಿ ಅತ್ಯಲ್ಪವಾಗಿದ್ದ ಈ ಪ್ರೋಟೀನು ಎರಡು ಮೂರು ದಿನಗಳಲ್ಲಿ ಎಲ್ಲಿಂದ ಬಂದಿತು? ಇದರ ಉತ್ತರವನ್ನು ತಿಳಿದರೆ, 'ಟಾನಿಕ್' ಎಂದು ಮಾರಾಟವಾಗುವ ಸೀಸೆಗಳಿಗೆ ಹಣ ತೆರುವ ಮುನ್ನ ರೈತರು ಏನನ್ನು ವಿಚಾರಿಸಬೇಕೆಂಬುದೂ ತಿಳಿಯುತ್ತದೆ.

ಏಕದಳ ಧಾನ್ಯಗಳ ಪೈಕಿ ಈ ವಿಷಯದ ಅಧ್ಯಯನ ಹೆಚ್ಚಾಗಿ ನಡೆದಿರುವುದು ಬಾರ್ಲಿಯಲ್ಲಿ. ಬಾರ್ಲಿ ಕಾಳನ್ನು ಅಡ್ಡಲಾಗಿ ಕತ್ತರಿಸಿ, ಭ್ರೂಣವಿಲ್ಲದ ಅರ್ಧವನ್ನು ಮಾತ್ರ ನೀರಿನಲ್ಲಿಟ್ಟರೆ ಪಿಷ್ಟವು ಹಾಗೆಯೇ ಉಳಿಯುತ್ತದೆ. ಅದೇ ನೀರಿಗೆ ಜಿಬ್ಬರಲಿನ್ ಎಂಬ ಚೋದಕವನ್ನು ಅತಿ ಸ್ವಲ್ಪ ಬೆರೆಸಿದರೆ ಪಿಷ್ಟ ಕರಗತೊಡಗುತ್ತದೆ. ಆಸ್ಟ್ರೇಲಿಯದಲ್ಲಿ ಪ್ಯಾಲೆಗ್, ಜಪಾನಿನಲ್ಲಿ ಯೋಮೊ ಎಂಬ ವಿಜ್ಞಾನಿಗಳು 1960ರಲ್ಲಿ ಇದನ್ನು ಬೇರೆ ಬೇರೆಯಾಗಿ ತೋರಿಸಿದರು. ನೆನೆದ ಭ್ರೂಣವು ಜಿಬ್ಬರಲಿನ್ ಕಳುಹಿಸುತ್ತದೆ. ತೌಡಿನ ಭಾಗದಲ್ಲಿರುವ ತೆಳುವಾದ ಜೀವಕೋಶಗಳ ಪದರವು ಅದನ್ನು ಪಡೆದು ಅಮೈಲೇಸ್ ತಯಾರಿಸುತ್ತದೆ.

ಆದರೆ ಆ ಕಿಣ್ವವು ಮೊದಲೇ ಇದ್ದು ಈಗ ಎಚ್ಚೆತ್ತಿತೋ, ಅಥವಾ ಹೊಸದಾಗಿ ಹುಟ್ಟಿತೋ ಎಂಬ ಸಂದೇಹವಿತ್ತು. 1967ರಲ್ಲಿ ಫಿಲ್ನರ್ ಮತ್ತು ವಾರ್ನರ್ ಅವರು ಭಾರವಾದ ಆಮ್ಲಜನಕವುಳ್ಳ ನೀರಿನಲ್ಲಿ ಬಾರ್ಲಿಯನ್ನು ಇರಿಸಿ ಪರೀಕ್ಷಿಸಿದರು. ದೊರೆತ ಅಮೈಲೇಸ್ ಭಾರವಾಗಿತ್ತು. ಅಂದರೆ ಅದು ನೀರು ಸೋಕಿದ ಮೇಲೆ ಹೊಸದಾಗಿ ಕಟ್ಟಲ್ಪಟ್ಟದ್ದು. ಕಟ್ಟಲು ಬೇಕಾದ ಅಮೈನೋ ಆಮ್ಲಗಳು ಆ ಪದರದಲ್ಲೇ ಶೇಖರವಾಗಿದ್ದ ಹಳೆಯ ಪ್ರೋಟೀನು ಒಡೆದು ಬಂದವು. ಚೋದಕವು ಕೊಟ್ಟದ್ದು ಅಪ್ಪಣೆಯನ್ನು ಮಾತ್ರ, ಸಾಮಗ್ರಿಯನ್ನಲ್ಲ.

ಅಪ್ಪಣೆ ಜೀವಕೋಶಕ್ಕೆ ತಲುಪುವ ರೀತಿಯೂ ಈಗ ಬಹುಮಟ್ಟಿಗೆ ತಿಳಿದಿದೆ. ಬೆಳವಣಿಗೆಗೆ ಬೇಕಾದ ವಂಶವಾಹಿಗಳನ್ನು ಡೆಲ್ಲಾ ಎಂಬ ಒಂದು ಗುಂಪಿನ ಪ್ರೋಟೀನುಗಳು ತಡೆಹಿಡಿದಿರುತ್ತವೆ. ಜಿಬ್ಬರಲಿನ್ ಬಂದು ತನ್ನ ಗ್ರಾಹಕಕ್ಕೆ ಅಂಟಿಕೊಂಡಾಗ ಈ ತಡೆ ನಾಶವಾಗುತ್ತದೆ. ತೆರೆದ ವಂಶವಾಹಿಯ ನಕಲು ರೈಬೋಸೋಮುಗಳಿಗೆ ಹೋಗಿ, ಅಲ್ಲಿ ಹೊಸ ಪ್ರೋಟೀನು ತಯಾರಾಗುತ್ತದೆ. ಭತ್ತದಲ್ಲಿ ಈ ಗ್ರಾಹಕವನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ಗುರುತಿಸಿದರು.

ಜಿಬ್ಬರಲಿನ್ ಮೊದಲು ಪತ್ತೆಯಾದದ್ದು ಸಹ ಭತ್ತದ ಒಂದು ರೋಗದಿಂದಲೇ. ಬಕಾನೆ ರೋಗ ತಗುಲಿದ ಸಸಿಗಳು ಉಳಿದವಕ್ಕಿಂತ ಎತ್ತರವಾಗಿ, ಸಣಕಲಾಗಿ, ಬಿಳಿಚಿಕೊಂಡು ಬೆಳೆಯುತ್ತವೆ. ಬಹಳಷ್ಟು ಸಾಯುತ್ತವೆ, ಉಳಿದರೂ ಜಳ್ಳು ಹೆಚ್ಚು. ಶಿಲೀಂಧ್ರವು ಸ್ರವಿಸುವ ವಸ್ತುವೊಂದು ಇದಕ್ಕೆ ಕಾರಣವೆಂದು ಕುರೊಸಾವ 1926ರಲ್ಲಿ ತೋರಿಸಿದರು. ಎತ್ತರವೆಲ್ಲ ಇಳುವರಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇದಕ್ಕೆ ವಿರುದ್ಧವಾದದ್ದು ಐ.ಆರ್.-8, ಜಯ ಮುಂತಾದ ಗಿಡ್ಡ ತಳಿಗಳ ಕಥೆ. ಇವುಗಳಲ್ಲಿ ಜಿಬ್ಬರಲಿನ್ ತಯಾರಿಕೆಯ ಒಂದು ಹಂತ ಕುಂಠಿತವಾಗಿದೆ. ಆದುದರಿಂದ ಕಾಂಡ ಗಿಡ್ಡ. ಗೊಬ್ಬರ ಕೊಟ್ಟರೂ ಪೈರು ಸುಲಭವಾಗಿ ಮಲಗುವುದಿಲ್ಲ. ಹಸಿರು ಕ್ರಾಂತಿಯ ಭತ್ತ ನಿಂತಿರುವುದು ಚೋದಕದ ಈ ಕೊರತೆಯ ಮೇಲೆ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು.

ಆಕ್ಸಿನ್ ಕುಡಿಗಳಲ್ಲಿ ಹುಟ್ಟುವ ಇನ್ನೊಂದು ಚೋದಕ. ಅದು ಸೋಕಿದ ಹತ್ತು ಹದಿನೈದು ನಿಮಿಷಗಳಲ್ಲಿ ಕೋಶಭಿತ್ತಿ ಸಡಿಲವಾಗಿ, ನೀರು ಹೀರಿ ಜೀವಕೋಶ ಉದ್ದವಾಗತೊಡಗುತ್ತದೆ. ಆದರೆ ಪ್ರೋಟೀನು ತಯಾರಿಕೆಯನ್ನು ಔಷಧದಿಂದ ನಿಲ್ಲಿಸಿದರೆ ಬೆಳವಣಿಗೆಯೂ ನಿಲ್ಲುತ್ತದೆ. ನೀರು, ಪ್ರೋಟೀನು ಎರಡೂ ಬೇಕು.

ರೈತರಿಗೆ ಹೆಚ್ಚು ಪ್ರಯೋಜನಕಾರಿಯಾದ ಸಂಗತಿ ಸೈಟೋಕೈನಿನ್ ಚೋದಕದ್ದು. ಕಿತ್ತಿಟ್ಟ ಎಲೆಯಲ್ಲಿ ಪ್ರೋಟೀನು ಒಡೆದು ಎಲೆ ಹಳದಿಯಾಗುವುದು ಸಹಜ. ಈ ಗುಂಪಿನ ಕೈನೆಟಿನ್ ದ್ರಾವಣದಲ್ಲಿಟ್ಟ ಎಲೆಯಲ್ಲಿ ಪ್ರೋಟೀನಿನ ನಷ್ಟ ನಿಧಾನವಾಗುತ್ತದೆಂದು ರಿಚ್‌ಮಂಡ್ ಮತ್ತು ಲ್ಯಾಂಗ್ 1957ರಲ್ಲಿ ವರದಿ ಮಾಡಿದರು. ಗಿಡದಲ್ಲಿ ಸೈಟೋಕೈನಿನ್ ಬಹಳಷ್ಟು ತಯಾರಾಗುವುದು ಬೇರಿನ ತುದಿಗಳಲ್ಲಿ; ಬೇರಿಗೆ ಸಾರಜನಕ ದೊರೆತಾಗ ಅದರ ಉತ್ಪತ್ತಿಯೂ ಹೆಚ್ಚುತ್ತದೆ. ಪ್ರೋಟೀನಿನಲ್ಲಿ ಶೇಕಡಾ 16ರಷ್ಟು ಸಾರಜನಕವೇ ಇರುತ್ತದೆ. ನೀರು ನಿಂತು ಬೇರು ಉಸಿರುಗಟ್ಟಿದ ಮುಸುಕಿನ ಜೋಳದ ಹೊಲದಲ್ಲಿ ಕೆಳಗಿನ ಎಲೆಗಳು ಹಳದಿಯಾದಾಗ ಅಂಗಡಿಗೆ ಓಡುವ ಬದಲು ಬಸಿಗಾಲುವೆ ತೆಗೆದು, ನೀರು ಇಳಿದ ಮೇಲೆ ಮೇಲುಗೊಬ್ಬರವಾಗಿ ಸ್ವಲ್ಪ ಯೂರಿಯಾ ಕೊಡುವುದು ಲೇಸು. ಹಸಿದ ಬೆಳೆಗೆ ಚೋದಕ ಸಿಂಪಡಿಸುವುದು ಇಟ್ಟಿಗೆ ಗಾರೆ ಇಲ್ಲದ ಕಡೆ ಗಾರೆಯವನನ್ನು ಅವಸರಪಡಿಸಿದಂತೆ.

ಚೋದಕಗಳ ಬಳಕೆಯೇ ಬೇಡವೆಂದಲ್ಲ. ವಿಜಯಪುರದ ಕಡೆಯ ಬೀಜರಹಿತ ದ್ರಾಕ್ಷಿಗೆ ಜಿಬ್ಬರಲಿಕ್ ಆಮ್ಲ ಅಗತ್ಯವೇ ಸರಿ. ಕಾಯಿ ಹಿಗ್ಗಲು ಬೇಕಾದ ಜಿಬ್ಬರಲಿನ್ ಅನ್ನು ಬೀಜಗಳು ಒದಗಿಸಬೇಕು. ಬೀಜ ಬಲಿಯದ ತಳಿಯಲ್ಲಿ ಆ ಕೊರತೆಯನ್ನು ಸಿಂಪರಣೆ ತುಂಬುತ್ತದೆ. ಇಲ್ಲಿ ಅಳತೆಯೇ ಮುಖ್ಯ. 10 ಪಿ.ಪಿ.ಎಂ. ಎಂದರೆ ಒಂದು ಗ್ರಾಂ ಶುದ್ಧ ವಸ್ತುವಿಗೆ 100 ಲೀಟರ್ ನೀರು. ಪುಡಿ ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಿಕೊಳ್ಳಬೇಕು. ಸೀಸೆಯ ಮೇಲೆ ಚೋದಕದ ಹೆಸರು, ಶೇಕಡಾ ಪ್ರಮಾಣ, ಬೆಳೆ, ಸಿಂಪಡಿಸುವ ಹಂತ ಇವು ಮುದ್ರಿತವಾಗಿಲ್ಲದಿದ್ದರೆ ಅದನ್ನು ಕೊಳ್ಳಬಾರದು. ಕೊಂಡಾಗ ರಸೀದಿ ಪಡೆಯಬೇಕು.

ಅಪ್ಪಣೆ ಅತಿಯಾದರೆ ಏನಾಗುವುದೆಂಬುದಕ್ಕೆ 2,4-ಡಿ ಕಳೆನಾಶಕವೇ ಸಾಕ್ಷಿ. ಅದು ಕೃತಕ ಆಕ್ಸಿನ್. ಅಗಲ ಎಲೆಯ ಗಿಡಗಳ ಬೆಳವಣಿಗೆಯನ್ನು ಹದ್ದುಮೀರಿಸಿ, ಕಾಂಡ ತಿರುಚಿಸಿ ಕೊಲ್ಲುತ್ತದೆ. ಹತ್ತಿ, ದ್ರಾಕ್ಷಿ, ಟೊಮೆಟೊ ಬೆಳೆಗಳು ಇದಕ್ಕೆ ಬಹು ಸೂಕ್ಷ್ಮ. ಗಾಳಿಯಲ್ಲಿ ತೇಲಿ ಬಂದ ಹನಿಗಳಿಂದಲೇ ಹತ್ತಿಯ ಎಲೆ ಕಿರಿದಾಗಿ ಬೆಂಡೆ ಎಲೆಯಂತೆ ಸೀಳಿಕೊಳ್ಳುತ್ತದೆ. ಆದ್ದರಿಂದ ಅಕ್ಕಪಕ್ಕದಲ್ಲಿ ಈ ಬೆಳೆಗಳಿರುವಾಗ ಗಾಳಿ ಬೀಸುವ ವೇಳೆಯಲ್ಲಿ 2,4-ಡಿ ಸಿಂಪಡಿಸಕೂಡದು. ಒಮ್ಮೆ ಇದಕ್ಕೆ ಬಳಸಿದ ಪಂಪು ತೊಳೆದರೂ ಕೊಳವೆ, ವಾಷರುಗಳಲ್ಲಿ ಅಂಶ ಉಳಿಯುವುದರಿಂದ ಇದಕ್ಕೆಂದೇ ಬೇರೆ ಪಂಪನ್ನು ಗುರುತು ಹಾಕಿ ಇಟ್ಟುಕೊಳ್ಳತಕ್ಕದ್ದು.