ಪೆನ್‌ಡ್ರೈವಿನಲ್ಲಿ ಲಿನಕ್ಸ್: ಅಳವಡಿಕೆಯ ಸುಲಭ ಕ್ರಮ

ಉದ್ದೇಶ: ಹೊಸೂರು, ಕೃಷ್ಣಗಿರಿ ಭಾಗದ ಶಾಲೆಗಳ ಗಣಕಯಂತ್ರದಲ್ಲಿ ಕನ್ನಡ ಬೆರಳಚ್ಚಿಗೆ ಅನುಕೂಲವಿಲ್ಲದಿದ್ದರೆ, ಅದರ ಮೂಲ ವ್ಯವಸ್ಥೆಯನ್ನು ಮುಟ್ಟದೆಯೇ ಪಾಠಸಾಮಗ್ರಿ ಸಿದ್ಧಪಡಿಸಲು ಈ ವಿಧಾನವು ನೆರವಾಗುತ್ತದೆ.

1. ಸಿದ್ಧತೆ: 16 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಹಳೆಯ ಕಡತಗಳನ್ನು ಮೊದಲೇ ಬೇರೆಡೆ ಉಳಿಸಿಕೊಳ್ಳಬೇಕು. ಲಿನಕ್ಸ್ ಮಿಂಟ್‌ನ ಐಎಸ್‌ಒ ಕಡತವನ್ನೂ ರೂಫಸ್ ತಂತ್ರಾಂಶವನ್ನೂ ಉಚಿತವಾಗಿ ಇಳಿಸಿಕೊಳ್ಳಬಹುದು.

2. ಅಳವಡಿಕೆ: ವಿಂಡೋಸ್‌ನಲ್ಲಿ ರೂಫಸ್ ತೆರೆದು, ಪೆನ್‌ಡ್ರೈವನ್ನೂ ಐಎಸ್‌ಒ ಕಡತವನ್ನೂ ಆರಿಸಬೇಕು. ‘ಪರ್ಸಿಸ್ಟೆಂಟ್ ಪಾರ್ಟಿಷನ್ ಸೈಜ್’ ಎಂಬಲ್ಲಿ 4 ಜಿಬಿ ಮೀಸಲಿಟ್ಟು ‘ಸ್ಟಾರ್ಟ್’ ಒತ್ತಬೇಕು. ಈ ಮೀಸಲು ಜಾಗವಿಲ್ಲದಿದ್ದರೆ, ಯಂತ್ರವನ್ನು ನಿಲ್ಲಿಸಿದೊಡನೆ ಬರೆದ ಪಾಠವೂ ಮಾಡಿಕೊಂಡ ಹೊಂದಾಣಿಕೆಗಳೂ ಮಾಯವಾಗುತ್ತವೆ.

3. ಚಾಲನೆ: ಯಂತ್ರ ಆರಂಭವಾಗುವಾಗ ಎಫ್12 ಅಥವಾ ಎಸ್ಕೇಪ್ ಕೀಲಿ ಒತ್ತಿ ಪೆನ್‌ಡ್ರೈವನ್ನು ಆರಿಸಬೇಕು, ಈ ಕೀಲಿಯು ತಯಾರಕರಿಗೆ ತಕ್ಕಂತೆ ಬೇರೆಯಾಗಬಹುದು.

ಎಚ್ಚರಿಕೆ: ಪರದೆಯ ಮೇಲಿನ ‘ಇನ್‌ಸ್ಟಾಲ್’ ಚಿಹ್ನೆಯನ್ನು ತೆರೆಯಬಾರದು. ಅಲ್ಲಿ ಮುಂದುವರಿದರೆ ಶಾಲೆಯ ದಾಖಲೆಗಳೇ ಅಳಿಸಿಹೋಗಬಹುದು.

4. ಬಳಕೆ: ಕೀಲಿಮಣೆಯ ವಿನ್ಯಾಸಗಳಿಗೆ ಕನ್ನಡವನ್ನೂ ತಮಿಳನ್ನೂ ಸೇರಿಸಬೇಕು. ಲಿಬ್ರೆ ಆಫೀಸ್‌ನಲ್ಲಿ ಎರಡು ಸಾಲುಪಟ್ಟಿಗಳ ಕೋಷ್ಟಕ ಮಾಡಿ, ಕನ್ನಡ ಪದದ ಎದುರು ತಮಿಳು ಪದವನ್ನು ಮಕ್ಕಳಿಂದಲೇ ಬರೆಯಿಸಬಹುದು.

ಪೆನ್‌ಡ್ರೈವ್ ಕೆಡುವ ಸಾಧ್ಯತೆ ಇರುವುದರಿಂದ ಪಾಠಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು. ಯಂತ್ರ ಪೂರ್ತಿ ನಿಂತ ಮೇಲೆಯೇ ಅದನ್ನು ತೆಗೆಯಬೇಕು.