ಹುದ್ದೆ ಹೋದ ಮೇಲೆ

ಚಾಮರಾಜನಗರದ ಉಮ್ಮತ್ತೂರು ಮೊದಲಾದ ಹಳೆಯ ಮೈಸೂರಿನ ಗ್ರಾಮಗಳಲ್ಲಿ ಹಿಂದೆ ಸರ್ಕಾರವೆಂದರೆ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿಗಳೇ. ಪಟೇಲನು ಕಂದಾಯ ವಸೂಲು ಮಾಡುತ್ತಿದ್ದನು. ಶಾನುಭೋಗನು ಲೆಕ್ಕ ಬರೆಯುತ್ತಿದ್ದನು. ನೀರುಗಂಟಿಯು ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುತ್ತಿದ್ದನು. ಈ ಹುದ್ದೆಗಳು ತಂದೆಯಿಂದ ಮಗನಿಗೆ ಬರುತ್ತಿದ್ದವು. ಸೇವೆಗೆ ಪ್ರತಿಫಲವಾಗಿ ಅನೇಕರಿಗೆ ಇನಾಮು ಭೂಮಿಯಿತ್ತು.

ಸರ್ಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶವಿರಬೇಕೆಂಬುದು ಸಂವಿಧಾನದ 16ನೆಯ ವಿಧಿ. ಹುಟ್ಟಿನಿಂದ ಬರುವ ಅಧಿಕಾರ ಅದಕ್ಕೆ ಒಪ್ಪುವಂಥದಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ 1961ರ ಕಾಯಿದೆಯು 1963ರ ಫೆಬ್ರವರಿ 1ರಂದು ಜಾರಿಗೆ ಬಂದಿತು. ಶಾನುಭೋಗರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು.

ತಲೆತಲಾಂತರದ ಹುದ್ದೆ ಹೋಯಿತು. ಆದರೆ ಕಾಯಿದೆಯು ಅವರನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ನಿಗದಿಯಾದ ಹಣ ಪಡೆದು ಇನಾಮು ಭೂಮಿಯನ್ನು ಅವರಿಗೇ ಮರುಮಂಜೂರು ಮಾಡಲು ಅದರಲ್ಲಿ ಅವಕಾಶವಿತ್ತು. ಓದುಬರಹ ಬಲ್ಲ ಶಾನುಭೋಗನು ಲೆಕ್ಕಪತ್ರದ ಬೇರೆ ಕೆಲಸ ಹುಡುಕಿಕೊಳ್ಳಬಹುದಾಗಿತ್ತು. ಅಕ್ಷರ ಕಲಿಯದ ತೋಟಿಗೆ ಭೂಮಿಯೊಂದೇ ಆಸರೆ. ಕಷ್ಟಕಾಲದಲ್ಲಿ ಅದನ್ನೂ ಮಾರಿಕೊಂಡರೆ ಗತಿಯೇನು? 1978ರ ತಿದ್ದುಪಡಿಯು ಇಂಥ ಭೂಮಿಯನ್ನು 15 ವರ್ಷಗಳವರೆಗೆ ಪರಭಾರೆ ಮಾಡದಂತೆ ನಿರ್ಬಂಧಿಸಿತು.

ಸರ್ಕಾರ ಕೊಟ್ಟ ಹುದ್ದೆಯನ್ನು ಸರ್ಕಾರವೇ ಹಿಂದಕ್ಕೆ ಪಡೆಯಬಹುದು. ಕಲಿತ ವಿದ್ಯೆಯನ್ನೂ ದುಡಿಮೆಯ ಅಭ್ಯಾಸವನ್ನೂ ಯಾವ ಆಜ್ಞೆಯೂ ರದ್ದುಮಾಡಲಾರದು. ಆದರೆ ದುಡಿಯುವ ಕೈಗೆ ಒಂದು ನೆಲೆ ಬೇಕು. ಅದನ್ನು ಒದಗಿಸುವುದು ದಯೆಯಲ್ಲ, ಸಮಾಜದ ಕರ್ತವ್ಯ.